ಬಿಡುಗಡೆ ಹೊಂದುವುದು ಹೇಗೆ, ಹೊಂದಿದ್ದನ್ನು ಕಾಪಾಡಿಕೊಳ್ಳುವುದು ಹೇಗೆ: ಕ್ರೈಸ್ತ ವಿಶ್ವಾಸಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಭಾನುವಾರ ಆರಾಧನೆಯಲ್ಲಿ ಕೈ ಎತ್ತಿ ಬಿಡುಗಡೆಯ ಹಾಡು ಹಾಡುತ್ತೇವೆ. ಸೋಮವಾರ ಮಗುವಿಗೆ ಜ್ವರ ಬಂದರೆ ಮನಸ್ಸಿಗೆ ಮೊದಲು ಬರುವುದು "ಈ ತಿಂಗಳು ಸಭೆಗೆ ದಶಮಾಂಶ (ಆದಾಯದ ಹತ್ತನೇ ಒಂದು ಪಾಲು) ಕೊಟ್ಟಿಲ್ಲ, ಅದಕ್ಕೇ ಹೀಗಾಯಿತೇನೋ" ಅನ್ನುವ ಯೋಚನೆ. ಇನ್ನೊಬ್ಬರಿಗೆ ಎಷ್ಟೋ ವರ್ಷದ ಹಿಂದಿನ ತಪ್ಪು ಈಗಲೂ ನಿದ್ದೆ ಕೆಡಿಸುತ್ತದೆ. ಮತ್ತೊಬ್ಬರು ಪಾಸ್ಟರನ್ನು ಕೇಳದೆ ಮಗಳಿಗೆ ಗಂಡು ನೋಡುವುದಿಲ್ಲ, ಬಾಡಿಗೆ ಮನೆಯನ್ನೂ ಬದಲಾಯಿಸುವುದಿಲ್ಲ. ಇವರ್ಯಾರೂ ನಂಬಿಕೆ ಇಲ್ಲದವರಲ್ಲ. ದೇವರನ್ನು ನಿಜವಾಗಿ ಪ್ರೀತಿಸುವವರು. ಅದಕ್ಕೇ ನೋಡಿದರೆ ಸಂಕಟವಾಗುತ್ತದೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ಬಿಡುಗಡೆಯನ್ನು, ಅಂದರೆ ಪಾಪ ಮತ್ತು ಭಯದ ದಾಸತ್ವದಿಂದ ಸಿಗುವ ಸ್ವಾತಂತ್ರ್ಯವನ್ನು, ದುಡಿದು ಸಂಪಾದಿಸಬೇಕಾಗಿಲ್ಲ, ಕ್ರಿಸ್ತ ಅದನ್ನು ಆಗಲೇ ಕೊಟ್ಟಿದ್ದಾನೆ. ಆದರೆ ಸಿಕ್ಕಿದ್ದನ್ನು ನಾವು ಭಯಕ್ಕೋ, ಚಟಕ್ಕೋ, ಯಾರೋ ಒಬ್ಬ ಮನುಷ್ಯನಿಗೋ ಮತ್ತೆ ಒಪ್ಪಿಸಿಬಿಡುತ್ತೇವೆ. ಹಾಗೆ ಒಪ್ಪಿಸದೆ ಇರುವುದನ್ನು ಕಲಿಯಬೇಕು. ನೀವು ಕಥೋಲಿಕರಾಗಿರಿ, ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಯವರಾಗಿರಿ, ಪೆಂತೆಕೋಸ್ತ್ ಸಭೆಗೆ ಹೋಗುವವರಾಗಿರಿ, ಕೆಳಗಿನ ಹಂತಗಳು ಎಲ್ಲರಿಗೂ ಆಗುತ್ತವೆ. ಬೇಕಾಗಿರುವುದು ಒಂದು ಬೈಬಲ್, ಒಂದು ನೋಟ್‌ಬುಕ್, ಜೊತೆಗೆ ನಂಬಿಕಸ್ತರಾದ ಒಬ್ಬ ಮನುಷ್ಯರು.

ಹಂತ 1: ಗಲಾತ್ಯದವರಿಗೆ ಬರೆದ ಪತ್ರಿಕೆಯನ್ನು ಒಂದೇ ಸಲ ಕೂತು ಓದಿ

ಬರೀ 6 ಅಧ್ಯಾಯ. ನಿಧಾನವಾಗಿ ಓದಿದರೂ ಅರ್ಧ, ಮುಕ್ಕಾಲು ಗಂಟೆ ಸಾಕು. ದಿನಕ್ಕೊಂದು ವಚನ ಅಂತ ಓದಬೇಡಿ, ಅದು ಪತ್ರ ಅಲ್ವಾ, ಪತ್ರವನ್ನು ಪೂರ್ತಿ ಓದಬೇಕು. ಇನ್ನು ಮುಂದೆ ಹೇಳುವುದೆಲ್ಲ ಇದರ ಮೇಲೆಯೇ ನಿಂತಿದೆ.

ಹಿನ್ನೆಲೆ ಸ್ವಲ್ಪ ಗೊತ್ತಿರಲಿ. ಗಲಾತ್ಯ ಇದ್ದದ್ದು ಈಗಿನ ತುರ್ಕಿ ದೇಶದಲ್ಲಿ. ಈ ಪತ್ರ ಬರೆದ ಅಪೊಸ್ತಲ ಪೌಲ ಅಲ್ಲಿ ಸುವಾರ್ತೆ ಸಾರಿದ, ಯೆಹೂದ್ಯರಲ್ಲದ ಜನ ನಂಬಿದರು. ಆಮೇಲೆ ಬೇರೆ ಬೋಧಕರು ಬಂದರು. ಅವರೇನೂ ಕ್ರಿಸ್ತನನ್ನು ಬಿಡಿ ಅನ್ನಲಿಲ್ಲ. "ಕ್ರಿಸ್ತನೂ ಬೇಕು, ಜೊತೆಗೆ ಸುನ್ನತಿಯೂ ಆಗಬೇಕು, ಮೋಶೆಯ ನಿಯಮಗಳನ್ನೂ ಪಾಲಿಸಬೇಕು" ಅಂದರು. ಈ "ಜೊತೆಗೆ ಇನ್ನೊಂದು" ಅನ್ನುವುದೇ ಪೌಲನಿಗೆ ಸಹಿಸಲಾಗದ ವಿಷಯ. ಬೇರೆ ಪತ್ರಗಳಲ್ಲಿ ಸಾಮಾನ್ಯವಾಗಿ ಶುರುವಿನಲ್ಲಿ ದೇವರಿಗೆ ಸ್ತೋತ್ರ ಹೇಳಿ ಸಭೆಯನ್ನು ಹೊಗಳುವ ಮನುಷ್ಯ ಇಲ್ಲಿ ಅದನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತಾನೆ. ಮೂರನೇ ಅಧ್ಯಾಯದಲ್ಲಂತೂ "ಬುದ್ಧಿಯಿಲ್ಲದ ಗಲಾತ್ಯದವರೇ, ಯಾರು ನಿಮ್ಮನ್ನು ಮರುಳುಮಾಡಿದರು" ಅಂತ ಕೇಳಿಯೇಬಿಡುತ್ತಾನೆ.

ಎರಡನೇ ಅಧ್ಯಾಯದ 11ನೇ ವಚನದಿಂದ ಬರುವ ಊಟದ ಘಟನೆಯನ್ನು ಎರಡು ಸಲ ಓದಿ. ಅಂತಿಯೋಕ್ಯ ಊರು. ಯೇಸುವಿನ ಶಿಷ್ಯ ಪೇತ್ರ ಅನ್ಯಜನರ, ಅಂದರೆ ಯೆಹೂದ್ಯರಲ್ಲದವರ ಜೊತೆ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಿದ್ದ. ಯೆರೂಸಲೇಮ್ ಸಭೆಯ ಮುಖಂಡ ಯಾಕೋಬನ ಕಡೆಯಿಂದ ಕೆಲವರು ಬಂದರು. ಅವರಿಗೆ ಹೆದರಿ ಪೇತ್ರ ಮೆಲ್ಲಗೆ ಹಿಂದೆ ಸರಿದ. ಅವನನ್ನು ನೋಡಿ ಉಳಿದ ಯೆಹೂದ್ಯ ವಿಶ್ವಾಸಿಗಳೂ ಎದ್ದರು, ಕೊನೆಗೆ ಪೌಲನ ಜೊತೆಗಾರ ಬಾರ್ನಬನೂ. ನಿನ್ನೆವರೆಗೆ ಪಕ್ಕದಲ್ಲಿ ಕೂತು ರೊಟ್ಟಿ ಮುರಿದವನು ಇವತ್ತು ಬೇರೆ ಕಡೆ ಕೂತಾಗ ಆ ಅನ್ಯಜನ ವಿಶ್ವಾಸಿಗೆ ಹೇಗನ್ನಿಸಿರಬೇಕು? ಪಂಕ್ತಿಭೇದ ಅಂದರೆ ಏನು ಅಂತ ನಮ್ಮ ನಾಡಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಪೌಲ ಎಲ್ಲರ ಎದುರಿಗೇ ಪೇತ್ರನನ್ನು ತಡೆದು ನಿಲ್ಲಿಸಿದ. ಪೇತ್ರನ ಬೋಧನೆಯಲ್ಲಿ ತಪ್ಪಿರಲಿಲ್ಲ, ತಪ್ಪಿದ್ದು ಭಯದಿಂದ. ನಮ್ಮ ಬಿಡುಗಡೆಯೂ ಜಾಸ್ತಿ ಕಳೆದುಹೋಗುವುದು "ಅವರು ಏನಂದುಕೊಳ್ಳುತ್ತಾರೋ" ಅನ್ನುವ ಇಂಥ ಕಡೆಯಲ್ಲೇ.

ಓದುವಾಗ ಪೆನ್ಸಿಲ್ ಹಿಡಿದು "ದಾಸ", "ಮಗ", "ನೊಗ", "ಸ್ವತಂತ್ರ" ಅಂತ ಬಂದ ಕಡೆಯೆಲ್ಲ ಗೆರೆ ಎಳೆಯಿರಿ.

ಹಂತ 2: ನಿಮ್ಮ ನೊಗ ಯಾವುದು ಅಂತ ಬರೆದುಕೊಳ್ಳಿ

ಗಲಾತ್ಯದವರ ನೊಗ ಸುನ್ನತಿ. ನಿಮ್ಮದು ಯಾವುದು? ಸುಮ್ನೆ ಯೋಚಿಸಿದರೆ ಸಿಗುವುದಿಲ್ಲ. ನೋಟ್‌ಬುಕ್ ತೆಗೆದು ಈ ವಾಕ್ಯ ಬರೆದು, ಖಾಲಿ ಬಿಟ್ಟ ಜಾಗವನ್ನು ತುಂಬಿ: "ನಾನು ……… ಮಾಡದಿದ್ದರೆ ದೇವರು ……… ಮಾಡುತ್ತಾನೆ."

ಕೈಗೆ ಬಂದದ್ದನ್ನು ಬರೆಯುತ್ತಾ ಹೋಗಿ, ತಿದ್ದಬೇಡಿ. "ಶುಕ್ರವಾರದ ಉಪವಾಸ ಪ್ರಾರ್ಥನೆ ತಪ್ಪಿಸಿದರೆ ಮಗನಿಗೆ ಕೆಲಸ ಸಿಗದ ಹಾಗೆ ಮಾಡುತ್ತಾನೆ." "ಜಪಸರ ಹೇಳದೆ ಮಲಗಿದರೆ ಮನೆಗೆ ಕೆಟ್ಟದ್ದನ್ನು ಬಿಡುತ್ತಾನೆ." "ಅಯ್ಯನವರ ಮಾತು ಮೀರಿದರೆ ಆಶೀರ್ವಾದ ಕಿತ್ತುಕೊಳ್ಳುತ್ತಾನೆ." ಬರೆದ ಮೇಲೆ ಗಟ್ಟಿಯಾಗಿ ಓದಿ. ಉಪವಾಸ ಒಳ್ಳೆಯದು, ಜಪಸರ ಒಳ್ಳೆಯದು, ಹಿರಿಯರ ಮಾತು ಕೇಳುವುದೂ ಒಳ್ಳೆಯದು. ಆದರೆ ಆ ವಾಕ್ಯಗಳಲ್ಲಿ ಕಾಣುವ ದೇವರು ಯೇಸು ತೋರಿಸಿದ ತಂದೆಯ ಹಾಗೆ ಇದ್ದಾನಾ? ಇಲ್ಲ ಅನ್ನಿಸಿದ ಕಡೆ ನೊಗ ಇದೆ.

ಇದರ ಜೊತೆ ಬೇರೆ ಪುಟದಲ್ಲಿ ಇನ್ನೂ ಮೂರು ಬರೆಯಿರಿ: ಬಿಡಲಾಗದ ಹಳೆಯ ತಪ್ಪು, ಕದ್ದುಮುಚ್ಚಿ ಮಾಡುವ ಅಭ್ಯಾಸ, ರಾತ್ರಿ ಕಾಡುವ ಭಯ. ಎಲ್ಲವನ್ನೂ ಒಂದೇ ದಿನ ಬರೆಯಬೇಕೆಂದಿಲ್ಲ.

ಹಂತ 3: ಹಳೆಯ ತಪ್ಪನ್ನು ಒಮ್ಮೆ ಸರಿಯಾಗಿ ಒಪ್ಪಿಕೊಳ್ಳಿ, ಆಮೇಲೆ ಕೆದಕಬೇಡಿ

ಮೊದಲು ಒಂದು ವ್ಯತ್ಯಾಸ ಗುರುತಿಸಿ. ಪವಿತ್ರಾತ್ಮ ತಪ್ಪು ತೋರಿಸಿದರೆ ಅದು ಖಚಿತವಾಗಿರುತ್ತದೆ: "ತಂಗಿಯ ಪಾಲಿನ ಹಣ ನೀನು ಕೊಡಲಿಲ್ಲ." ಮುಂದೇನು ಮಾಡಬೇಕು ಅನ್ನುವುದೂ ಅದರಲ್ಲೇ ಇರುತ್ತದೆ. ದೂರು ಹೊರಿಸುವ ದನಿ ಮಬ್ಬಾಗಿರುತ್ತದೆ: "ನೀನು ಕೆಟ್ಟವಳು, ನಿನ್ನ ಪ್ರಾರ್ಥನೆ ಅವನು ಕೇಳಲ್ಲ." ಇದಕ್ಕೆ ಪರಿಹಾರವೇ ಇರುವುದಿಲ್ಲ. ಮೊದಲನೆಯದಕ್ಕೆ ಕಿವಿ ಕೊಡಿ. ಎರಡನೆಯದಕ್ಕೆ ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೇ ಅಧ್ಯಾಯದ ಮೊದಲ ವಚನ ಉತ್ತರ: ಕ್ರಿಸ್ತ ಯೇಸುವಿನಲ್ಲಿರುವವರಿಗೆ ದಂಡನೆಯ ತೀರ್ಪು ಇಲ್ಲ.

ತಪ್ಪು ಖಚಿತವಾಗಿದ್ದರೆ ಹೆಸರಿಟ್ಟು ದೇವರಿಗೆ ಹೇಳಿ. ಪಾಪ ಒಪ್ಪಿಕೊಂಡರೆ ದೇವರು ಕ್ಷಮಿಸುತ್ತಾನೆ ಅನ್ನುವ 1 ಯೋಹಾನ 1:9 ಹಿಡಿದುಕೊಳ್ಳಿ. ಯಾರಿಗಾದರೂ ನಷ್ಟ ಮಾಡಿದ್ದರೆ ತಿರುಗಿಸಿ ಕೊಡಿ. ಸುಂಕ ವಸೂಲಿಗಾರ ಜಕ್ಕಾಯ, ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕು ಪಟ್ಟು ಕೊಡುತ್ತೇನೆ ಅಂದದ್ದು ಕ್ಷಮೆ ಕೊಳ್ಳುವುದಕ್ಕಲ್ಲ. ಯೇಸು ಆಗಲೇ ಅವನ ಮನೆಗೆ ಬಂದಿದ್ದ, ಆ ಸಂತೋಷಕ್ಕೆ ಅವನು ಹಾಗೆ ಅಂದದ್ದು. ಕಥೋಲಿಕರಾದರೆ ಪಾಪನಿವೇದನೆಗೆ ಹೋಗಿ. ಹೇಳಿದ್ದನ್ನು ಗುರುಗಳು ಯಾರ ಹತ್ತಿರವೂ ಬಾಯಿ ಬಿಡುವಂತಿಲ್ಲ, ಧರ್ಮಸಭೆಯ ಕಾನೂನೇ ಹಾಗಿದೆ. ಬೇರೆ ಸಭೆಯವರು ಯಾಕೋಬ 5:16ರಂತೆ ನಂಬಿಕಸ್ತ ಹಿರಿಯರೊಬ್ಬರ ಹತ್ತಿರ ಹೇಳಿಕೊಳ್ಳಿ. ಇನ್ನೊಬ್ಬ ಮನುಷ್ಯರ ಬಾಯಿಂದ "ದೇವರು ಕ್ಷಮಿಸಿದ್ದಾನೆ" ಅನ್ನುವುದನ್ನು ಕಿವಿಯಾರೆ ಕೇಳಬೇಕು, ಅದರ ಬಲವೇ ಬೇರೆ.

ಆಮೇಲೆ ನಿಲ್ಲಿಸಿ. ಇದು ಕೆಲವರಿಗೆ ಎಲ್ಲಕ್ಕಿಂತ ಕಷ್ಟ. ಯೇಸು ಸಭೆಯನ್ನು (ಜೆಸ್ವಿಟ್) ಸ್ಥಾಪಿಸಿದ ಸಂತ ಲೊಯೋಲದ ಇಗ್ನಾಸಿಯವರ ಕಥೆ ಇಂಥವರಿಗೆ ಗೊತ್ತಿರಬೇಕು. 1521ರಲ್ಲಿ ಸ್ಪೇನಿನ ಪಾಂಪ್ಲೋನಾ ಕೋಟೆಯಲ್ಲಿ ಗುಂಡು ತಗಲಿ ಕಾಲು ಮುರಿದುಕೊಂಡ ಸೈನಿಕ, ಮರುವರ್ಷ ಮನ್ರೇಸಾ ಊರಿನಲ್ಲಿ ದಿನಕ್ಕೆ 7 ಗಂಟೆ ಪ್ರಾರ್ಥನೆ ಮಾಡುತ್ತಿದ್ದರು. ಜೀವನದ ಪಾಪಗಳನ್ನೆಲ್ಲ ಬರೆದು ಒಪ್ಪಿಕೊಂಡಿದ್ದರೂ "ಏನೋ ಬಿಟ್ಟುಹೋಯಿತು" ಅನ್ನುವ ಸಂಶಯ ಬಿಡಲಿಲ್ಲ. ಮತ್ತೆ ಮತ್ತೆ ಪಾಪನಿವೇದನೆ, ಮತ್ತೆ ಮತ್ತೆ ಅದೇ ಸಂಶಯ, ಜೀವ ಕಳೆದುಕೊಳ್ಳುವ ಯೋಚನೆಯವರೆಗೂ ಹೋಯಿತು. ಕೊನೆಗೆ ಈ ಸಂಶಯಗಳು ದೇವರಿಂದ ಬಂದವಲ್ಲ ಅಂತ ಅರ್ಥವಾಗಿ, ಹಳೆಯ ಪಾಪಗಳನ್ನು ಇನ್ನೆಂದೂ ಒಪ್ಪಿಕೊಳ್ಳಲು ಹೋಗುವುದಿಲ್ಲ ಅಂತ ನಿರ್ಧರಿಸಿದರು. ಅವತ್ತಿಗೆ ಆ ಕಾಟ ಮುಗಿಯಿತು.

ನಿಮಗೂ ಒಪ್ಪಿಕೊಂಡ ಪಾಪವೇ ದಿನಕ್ಕೆ ಹತ್ತು ಸಲ ಬರುತ್ತಿದ್ದರೆ, ಬೇಡದ ಕೆಟ್ಟ ಯೋಚನೆಗಳು ನಿಮ್ಮ ಇಷ್ಟವಿಲ್ಲದೆಯೇ ನುಗ್ಗುತ್ತಿದ್ದರೆ, ಮನೋವೈದ್ಯರನ್ನು ನೋಡಿ. ಇದು ಚಿಕಿತ್ಸೆ ಇರುವ ಕಾಯಿಲೆ ಆಗಿರಬಹುದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಜೀವ ಕಳೆದುಕೊಳ್ಳುವ ಯೋಚನೆ ಬಂದರಂತೂ ಅದೇ ದಿನ ಕರೆ ಮಾಡಿ, ಮನೆಯವರಿಗೂ ಹೇಳಿ.

ಹಂತ 4: ಶಾಪದ ಭಯಕ್ಕೆ ದುಡ್ಡು ಕೊಡಬೇಡಿ

"ನಿಮ್ಮ ತಾತ ಪೂಜೆ ಮಾಡಿಸುತ್ತಿದ್ದರು, ಆ ಶಾಪ ಇನ್ನೂ ಮನೆಯಲ್ಲಿದೆ, ವಿಶೇಷ ಪ್ರಾರ್ಥನೆ ಮಾಡಿಸಬೇಕು." ಈ ಮಾತನ್ನು ಪ್ರಾರ್ಥನಾ ಕೂಟಗಳಲ್ಲಿ ಎಷ್ಟೋ ಜನ ಕೇಳಿದ್ದಾರೆ. ಮಾಟಮಂತ್ರದ ಭಯ ಬಿಟ್ಟು ಬಂದವರಿಗೆ ಅದೇ ಭಯವನ್ನು ಬೈಬಲ್‌ನಲ್ಲಿ ಸುತ್ತಿ ಕೊಡುವುದು ನನಗೆ ತುಂಬಾ ನೋವಿನ ವಿಷಯ. ಮಗ ತಂದೆಯ ಪಾಪದ ಫಲ ಹೊರುವುದಿಲ್ಲ ಅಂತ ಯೆಹೆಜ್ಕೇಲ 18 ಸ್ಪಷ್ಟವಾಗಿ ಹೇಳುತ್ತದೆ. ಹುಟ್ಟುಕುರುಡನನ್ನು ತೋರಿಸಿ ಯಾರ ಪಾಪದಿಂದ ಹೀಗಾಯಿತು ಅಂತ ಶಿಷ್ಯರು ಕೇಳಿದಾಗ, ಇವನದ್ದೂ ಅಲ್ಲ, ಅಪ್ಪ ಅಮ್ಮನದ್ದೂ ಅಲ್ಲ ಅಂದ ಯೇಸು. ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತಾಗಲೂ, ಅವರೇನು ಉಳಿದವರಿಗಿಂತ ದೊಡ್ಡ ಪಾಪಿಗಳಾ ಅಂತ ಕೇಳಿದ. ಇನ್ನು ಗಲಾತ್ಯ 3:13 ಇದೆಯಲ್ಲ, ನಮಗೋಸ್ಕರ ಕ್ರಿಸ್ತನೇ ಶಾಪವನ್ನು ಹೊತ್ತ. ಹೊತ್ತದ್ದನ್ನು ಅರ್ಧ ದಾರಿಯಲ್ಲಿ ಇಳಿಸಿಲ್ಲ.

ರಾತ್ರಿ ಭಯವಾದರೆ ದೀಪ ಹಾಕಿ, ಎದ್ದು ಕೂತು ರೋಮಾಪುರದವರಿಗೆ ಬರೆದ ಪತ್ರಿಕೆ 8:31ರಿಂದ 39ರವರೆಗೆ ಗಟ್ಟಿಯಾಗಿ ಓದಿ. ಮನೆಯವರು ಎದ್ದರೆ ಏಳಲಿ, ಅವರೂ ಕೇಳಲಿ. ವಾಟ್ಸಾಪ್‌ನಲ್ಲಿ "ಹತ್ತು ಜನಕ್ಕೆ ಕಳುಹಿಸದಿದ್ದರೆ ಕೆಟ್ಟದಾಗುತ್ತದೆ" ಅಂತ ಬಂದರೆ ಡಿಲೀಟ್ ಮಾಡಿ. ಅಷ್ಟೇ.

ಹಂತ 5: ಚಟ ಇದ್ದರೆ ಗುಟ್ಟನ್ನು ಮೊದಲು ಮುರಿಯಿರಿ

ಕುಡಿತ, ಅಶ್ಲೀಲ ವಿಡಿಯೋ, ಆನ್‌ಲೈನ್ ಜೂಜು. ಇವೆಲ್ಲ ಬದುಕಿರುವುದು ಗುಟ್ಟಿನಲ್ಲಿ. ಇಗ್ನಾಸಿಯವರೇ ಬರೆದಿಟ್ಟ ಒಂದು ನಿಯಮ ಇದೆ: ಶತ್ರುವಿಗೆ, ಅಂದರೆ ಸೈತಾನನಿಗೆ, ತನ್ನ ಕೆಲಸ ಗುಟ್ಟಾಗಿ ಇರಬೇಕು, ತಿಳಿದವರೊಬ್ಬರಿಗೆ ಹೇಳಿದ ಕೂಡಲೇ ಅವನ ಆಟ ಕೆಡುತ್ತದೆ. ಹಾಗಾಗಿ ಮೊದಲು ಒಬ್ಬರಿಗೆ ಹೇಳಿ. ಗಾಸಿಪ್ ಮಾಡದವರಾಗಿರಬೇಕು, ನಿಮ್ಮದೇ ಲಿಂಗದವರಾದರೆ ಒಳ್ಳೆಯದು, ನಿಮ್ಮಿಂದ ಅವರಿಗೆ ಯಾವ ಲಾಭವೂ ಇರಬಾರದು.

ಆಮೇಲೆ ದಾರಿ ಮುಚ್ಚಿ. ಮೊಬೈಲ್ ರಾತ್ರಿ ಹಾಲ್‌ನಲ್ಲಿ ಚಾರ್ಜ್‌ಗೆ ಹಾಕಿ. ಜೂಜಿನ ಆ್ಯಪ್ ತೆಗೆದು, ಹಣದ ವ್ಯವಹಾರ ಸ್ವಲ್ಪ ಕಾಲ ಹೆಂಡತಿಗೋ ಗಂಡನಿಗೋ ಒಪ್ಪಿಸಿ. ಪ್ರತಿದಿನ ಜಾಸ್ತಿ ಕುಡಿಯುವವರು ಮಾತ್ರ ಪ್ರಾರ್ಥನೆಯ ಹುಮ್ಮಸ್ಸಿನಲ್ಲಿ ಒಮ್ಮೆಲೇ ನಿಲ್ಲಿಸಬೇಡಿ, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಡಾಕ್ಟರ ಕೈಕೆಳಗೆ ಬಿಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಪ್ರತ್ಯೇಕ ವಿಭಾಗ ಇದೆ. ಔಷಧಿ ತೆಗೆದುಕೊಂಡರೆ ನಂಬಿಕೆ ಕಡಿಮೆ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಫಿಟ್ಸ್, ಸಕ್ಕರೆ, ಮಾನಸಿಕ ಕಾಯಿಲೆಯ ಮಾತ್ರೆಗಳನ್ನು ಪಾಸ್ಟರ್ ಹೇಳಿದರು ಅಂತ ನಿಲ್ಲಿಸಲೇಬಾರದು.

ಹಂತ 6: ನೊಗ ಹೊರಿಸುವ ಮನುಷ್ಯರನ್ನು ಗುರುತಿಸಿ

ಇದನ್ನು ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಯಾಕೆಂದರೆ ಸಭೆಯೊಳಗೆ ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ.

ಮಂದೆ ಕಾಯುವ ಕುರುಬರ ಹಾಗೆ ಸಭೆಯನ್ನು ನೋಡಿಕೊಳ್ಳುವ ಒಳ್ಳೆಯ ಪಾಸ್ಟರುಗಳು, ಗುರುಗಳು ತುಂಬಾ ಜನ ಇದ್ದಾರೆ. ಸಂಬಳ ಸಾಲದಿದ್ದರೂ ರಾತ್ರಿ ಎರಡು ಗಂಟೆಗೆ ಆಸ್ಪತ್ರೆಗೆ ಓಡಿ ಬರುವವರು. ಅವರಿಗೆ ಗೌರವ ಕೊಡಿ, ಅವರ ಜೀವನಕ್ಕೆ ಸಹಾಯ ಮಾಡಿ. ಸುವಾರ್ತೆ ಸಾರುವವರು ಅದರಿಂದಲೇ ಜೀವನ ಮಾಡಬೇಕು ಅಂತ ಪೌಲನೂ ಹೇಳುತ್ತಾನೆ. ಆದರೆ ಅದೇ ಪೌಲ ಕೊರಿಂಥದವರಿಗೆ, ನಿಮ್ಮ ನಂಬಿಕೆಯ ಮೇಲೆ ನಾವು ದೊರೆತನ ಮಾಡುವವರಲ್ಲ, ನಿಮ್ಮ ಸಂತೋಷಕ್ಕೆ ಸಹಾಯಕರು ಅಂತ ಬರೆದ. ಪೇತ್ರನೂ ಹಿರಿಯರಿಗೆ, ಮಂದೆಯ ಮೇಲೆ ದೊರೆತನ ಮಾಡಬೇಡಿ ಅಂದ. ಇದನ್ನಿಟ್ಟುಕೊಂಡು ಅಳೆಯಿರಿ.

ಹಣದ ವಿಷಯ. ಮಲಾಕಿಯ 3ನೇ ಅಧ್ಯಾಯ ತೆಗೆದು "ನೀವು ದೇವರಿಂದ ಕದ್ದುಕೊಳ್ಳುತ್ತಿದ್ದೀರಿ" ಅಂತ ಹೆದರಿಸಿದರೆ, ಧರ್ಮೋಪದೇಶಕಾಂಡ 14ನ್ನೂ ತೆಗೆದು ಓದಿ. ಮೂರು ವರ್ಷಕ್ಕೊಮ್ಮೆ ದಶಮಾಂಶ ಊರಲ್ಲೇ ಉಳಿದು ಲೇವಿಯರು (ದೇವಾಲಯದ ಸೇವೆಯ ಕುಲದವರು), ಪರದೇಶಿಗಳು, ಅನಾಥರು, ವಿಧವೆಯರು ಹೊಟ್ಟೆ ತುಂಬ ಉಣ್ಣಬೇಕಿತ್ತು. ಹೊಸ ಒಡಂಬಡಿಕೆಯಲ್ಲಿ 2 ಕೊರಿಂಥ 9:7 ಹೇಳುವುದು, ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಷ್ಟು ಕೊಡಿ, ದುಃಖದಿಂದಾಗಲಿ ಬಲವಂತದಿಂದಾಗಲಿ ಬೇಡ. ಶೇಕಡಾ 10 ಕೊಡುವ ಮನಸ್ಸಿದ್ದರೆ ಧಾರಾಳವಾಗಿ ಕೊಡಿ, ಇನ್ನೂ ಜಾಸ್ತಿ ಕೊಡಿ. ಆದರೆ ಕೈಸಾಲ ಮಾಡಿ, ಮಕ್ಕಳ ಫೀಸು ನಿಲ್ಲಿಸಿ, ಭಯಕ್ಕೆ ಕೊಡಬೇಡಿ. ಲೆಕ್ಕಪತ್ರ ತೋರಿಸಿ ಅಂತ ಕೇಳುವುದು ದಂಗೆ ಅಲ್ಲ.

ಪ್ರವಾದನೆಯ ವಿಷಯ. "ಈ ಹುಡುಗನನ್ನೇ ಮದುವೆಯಾಗಬೇಕು ಅಂತ ಕರ್ತನು ತೋರಿಸಿದ" ಅಂದಾಗ ಏನು ಮಾಡಬೇಕು? 1 ಕೊರಿಂಥ 14:29ರ ಪ್ರಕಾರ ಪ್ರವಾದಿ ಮಾತಾಡಿದರೆ ಉಳಿದವರು ಅದನ್ನು ಪರೀಕ್ಷಿಸಬೇಕು. ಪರೀಕ್ಷಿಸುವುದು ಅವಿಶ್ವಾಸವಲ್ಲ, ಆಜ್ಞೆ. ಜಗಳಕ್ಕೆ ಹೋಗದೆ ಶಾಂತವಾಗಿ ಹೀಗೆ ಹೇಳಿ: "ಅಯ್ಯನವರೇ, ನೀವು ಹೇಳಿದ್ದನ್ನು ಪ್ರಾರ್ಥನೆಯಲ್ಲಿಟ್ಟು, ಮನೆಯವರ ಹತ್ತಿರವೂ ಮಾತಾಡುತ್ತೇನೆ. ಎರಡು ವಾರ ಸಮಯ ಕೊಡಿ." ಇಷ್ಟೇ. ಆಮೇಲೆ ಅವರ ಮುಖ ನೋಡಿ. "ಖಂಡಿತ, ನಿಧಾನವಾಗಿ ಯೋಚಿಸಿ" ಅಂದರೆ ಅವರು ಒಳ್ಳೆಯ ಪಾಸ್ಟರು. ಸಿಟ್ಟಾದರೆ, "ಅಭಿಷಿಕ್ತರನ್ನು ಮುಟ್ಟಬೇಡ" ಅಂತ ವಚನ ಎಸೆದರೆ, ಮುಂದಿನ ಭಾನುವಾರ ಹೆಸರು ಹೇಳದೆ ನಿಮ್ಮ ಬಗ್ಗೆಯೇ ಪ್ರಸಂಗ ಮಾಡಿದರೆ, ನಿಮಗೆ ಉತ್ತರ ಸಿಕ್ಕಿತು.

ಬಿಟ್ಟು ಬರಬೇಕಾದರೆ ಹಗುರವಾಗಿ ಬಿಡಬೇಡಿ, ಒಬ್ಬರೇ ಬಿಡಬೇಡಿ. ಮೊದಲು ಗಂಡ ಹೆಂಡತಿ ಕೂತು ಮಾತಾಡಿ, ಹೊರಗಿನ ಒಬ್ಬ ಹಿರಿಯ ವಿಶ್ವಾಸಿಯ ಅಭಿಪ್ರಾಯ ಕೇಳಿ. ಬೇರೆ ಸಭೆಗೆ ಹೋದ ಮೇಲೆ ಒಂದಷ್ಟು ತಿಂಗಳು ಯಾವ ಜವಾಬ್ದಾರಿಯನ್ನೂ ಒಪ್ಪಿಕೊಳ್ಳದೆ ಸುಮ್ನೆ ಹಿಂದಿನ ಸಾಲಿನಲ್ಲಿ ಕೂತು ಬನ್ನಿ. ಅಪರಾಧ ಏನಾದರೂ ನಡೆದಿದ್ದರೆ, ಅದರಲ್ಲೂ ಮಕ್ಕಳ ಅಥವಾ ಹೆಣ್ಣುಮಕ್ಕಳ ಮೇಲೆ ದೌರ್ಜನ್ಯವಾಗಿದ್ದರೆ, ಅದು ಸಭೆಯೊಳಗೆ ಮುಗಿಸುವ ವಿಷಯವಲ್ಲ. ಮಕ್ಕಳ ಸಹಾಯವಾಣಿ 1098, ಪೊಲೀಸ್ ತುರ್ತು ಸಂಖ್ಯೆ 112.

ಹಂತ 7: ನೀವೇ ಬೇರೆಯವರಿಗೆ ನೊಗ ಆಗಬೇಡಿ

ಬಿಡುಗಡೆ ಸಿಕ್ಕಿತು ಅಂತ ಮನಸ್ಸಿಗೆ ಬಂದ ಹಾಗೆ ಇರಬಹುದಾ? ಗಲಾತ್ಯ 5:13 ಓದಿ, ಪ್ರೀತಿಯಿಂದ ಒಬ್ಬರಿಗೊಬ್ಬರು ಸೇವೆ ಮಾಡುವುದಕ್ಕೆ ಈ ಸ್ವಾತಂತ್ರ್ಯ. ಪೌಲ ತನ್ನ ಗ್ರೀಕ್ ಸಂಗಡಿಗ ತೀತನಿಗೆ ಸುನ್ನತಿ ಮಾಡಿಸಲು ಒಪ್ಪಲಿಲ್ಲ, ಯಾಕೆಂದರೆ ರಕ್ಷಣೆಗೆ ಅದು ಬೇಕೇ ಬೇಕು ಅಂತ ಒತ್ತಾಯ ಮಾಡಿದ್ದರು. ಅದೇ ಪೌಲ ಇನ್ನೊಬ್ಬ ಸಂಗಡಿಗ ತಿಮೊಥೆಯನಿಗೆ ಸುನ್ನತಿ ಮಾಡಿಸಿದ, ಆ ಕಡೆಯ ಯೆಹೂದ್ಯರ ಮಧ್ಯೆ ಸೇವೆಗೆ ಅಡ್ಡಿ ಆಗಬಾರದು ಅಂತ. ಬಲವಂತಕ್ಕೆ ಬಗ್ಗಲಿಲ್ಲ, ಪ್ರೀತಿಗೆ ಬಗ್ಗಿದ.

ನಮ್ಮಲ್ಲಿ ಇದು ಪರೀಕ್ಷೆಗೆ ಬರುವುದು ಹಬ್ಬದ ದಿನ. ಆಯುಧಪೂಜೆಗೆ ಪಕ್ಕದ ಮನೆಯಾಕೆ ತಟ್ಟೆಯಲ್ಲಿ ಕೋಸಂಬರಿ, ಸಿಹಿ ಪೊಂಗಲ್, ಒಂದು ಬಾಳೆಹಣ್ಣು ಇಟ್ಟುಕೊಂಡು ಬಾಗಿಲಿಗೆ ಬಂದಿದ್ದಾರೆ. ತಗೋಬೇಕಾ? 1 ಕೊರಿಂಥ 10:25ರಿಂದ ಓದಿ. ಯಾರಾದರೂ ಊಟಕ್ಕೆ ಕರೆದರೆ, ಇದು ಎಲ್ಲಿಂದ ಬಂತು ಅಂತ ವಿಚಾರಿಸದೆ ತಿನ್ನಿ ಅನ್ನುತ್ತಾನೆ ಪೌಲ. ಆದರೆ ಇದು ವಿಗ್ರಹಕ್ಕೆ ಅರ್ಪಿಸಿದ್ದು ಅಂತ ಯಾರಾದರೂ ತಿಳಿಸಿದರೆ, ಹಾಗೆ ಹೇಳಿದವರ ಮನಸ್ಸಾಕ್ಷಿಗಾಗಿ ಬಿಡಿ. ನನ್ನ ಅಭಿಪ್ರಾಯದಲ್ಲಿ ಆಕೆಯ ಪ್ರೀತಿಯನ್ನು ಬಾಗಿಲಲ್ಲೇ ತಿರಸ್ಕರಿಸುವುದಂತೂ ಬೇಡ. ನಗುತ್ತಾ ತಟ್ಟೆ ತಗೊಳ್ಳಿ, ತಟ್ಟೆ ಖಾಲಿ ವಾಪಸ್ ಕೊಡಬೇಡಿ, ಕ್ರಿಸ್ಮಸ್‌ಗೆ ಕುಸ್ವಾರ್ (ಹಬ್ಬದ ತಿಂಡಿಗಳು) ಕೊಡಿ. ತಿನ್ನುವುದು ಬಿಡುವುದು ನಿಮ್ಮ ಮನಸ್ಸಾಕ್ಷಿಯ ವಿಷಯ. ತಿಂದವರು ತಿನ್ನದವರನ್ನು ಹೀಯಾಳಿಸಬಾರದು, ತಿನ್ನದವರು ತಿಂದವರಿಗೆ ತೀರ್ಪು ಕೊಡಬಾರದು. ರೋಮಾಪುರದವರಿಗೆ ಬರೆದ ಪತ್ರಿಕೆಯ 14ನೇ ಅಧ್ಯಾಯ ಪೂರ್ತಿ ಇದೇ ವಿಷಯ.

ಮನೆಯಲ್ಲೂ ನೋಡಿಕೊಳ್ಳಿ. ಸೊಸೆ ಕುಂಕುಮ ಇಟ್ಟಳು, ಮಲ್ಲಿಗೆ ಮುಡಿದಳು, ಮಗ ಯೂತ್ ಮೀಟಿಂಗ್ ತಪ್ಪಿಸಿದ ಅಂತ ದೇವರ ಹೆಸರು ಹೇಳಿ ಹೆದರಿಸುತ್ತಿದ್ದೀರಾ? ಎರಡನೇ ಹಂತದ ವಾಕ್ಯವನ್ನು ಅವರ ಕೈಲಿ ಬರೆಸಿದರೆ ಅದರಲ್ಲಿ ನಿಮ್ಮ ದನಿ ಕೇಳಿಸುತ್ತದಾ?

ಹಂತ 8: ದಿನದಿನದ ಕಾವಲು

ರಾತ್ರಿ ಮಲಗುವ ಮುಂಚೆ ಹತ್ತು ನಿಮಿಷ. ಇವತ್ತು ಯಾವುದಕ್ಕೆ ಸ್ತೋತ್ರ ಹೇಳಬೇಕು, ಎಲ್ಲಿ ಪ್ರೀತಿಯಿಂದ ನಡೆದೆ, ಎಲ್ಲಿ ಭಯದಿಂದ ನಡೆದೆ. ಮೂರಕ್ಕೂ ಒಂದೊಂದು ಸಾಲು ಬರೆಯಿರಿ, ನಾಳೆಗೆ ಕೃಪೆ ಕೇಳಿ, ಮಲಗಿ. ಒಂದು ತಿಂಗಳಾದ ಮೇಲೆ ಹಿಂದಿನ ಪುಟ ತಿರುವಿದರೆ ಭಯ ಯಾವ ದಿನ, ಯಾರನ್ನು ಕಂಡಾಗ, ಯಾವ ಹೊತ್ತಿನಲ್ಲಿ ಬರುತ್ತದೆ ಅಂತ ನಿಮಗೇ ಕಾಣುತ್ತದೆ.

ಮನಸ್ಸು ಒಣಗಿ, ಪ್ರಾರ್ಥನೆ ಬಾರದ ದಿನಗಳಲ್ಲಿ ದೊಡ್ಡ ನಿರ್ಧಾರ ಮಾಡಬೇಡಿ. ಇದೂ ಇಗ್ನಾಸಿಯವರ ನಿಯಮವೇ: ಮನಸ್ಸು ತಿಳಿಯಾಗಿದ್ದಾಗ ಮಾಡಿದ ನಿರ್ಧಾರವನ್ನು ಕತ್ತಲೆಯಲ್ಲಿದ್ದಾಗ ಬದಲಾಯಿಸಬಾರದು. ಕರ್ತನ ಭೋಜನ, ಕಥೋಲಿಕರಾದರೆ ಬಲಿಪೂಜೆ, ತಪ್ಪಿಸಬೇಡಿ. ಅರ್ಹತೆ ಬಂದ ಮೇಲೆ ಹೋಗುತ್ತೇನೆ ಅಂತ ಕಾಯುವುದು ಹಳೆಯ ನೊಗವೇ. ಗಂಭೀರ ಪಾಪ ಮನಸ್ಸಿನಲ್ಲಿದ್ದರೆ ಕಥೋಲಿಕರು ಮೊದಲು ಪಾಪನಿವೇದನೆ ಮಾಡಿ, ಅದಕ್ಕೂ ತಡಮಾಡಬೇಡಿ.

ಬಿದ್ದರೆ? ಹಳೆಯ ಚಟಕ್ಕೆ ಮತ್ತೆ ಕೈ ಹಾಕಿದರೆ, ಹೆದರಿ ಮತ್ತೆ ಯಾರಿಗೋ ಹಣ ಕಳುಹಿಸಿದರೆ, ಅದೇ ದಿನ ಆ ನಂಬಿಕಸ್ತರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿ. ತಪ್ಪಿಗೆ ದಂಡ ಅಂತ ಹೆಚ್ಚಿನ ಉಪವಾಸ ಹಾಕಿಕೊಳ್ಳಬೇಡಿ. ನೋಟ್‌ಬುಕ್‌ನಲ್ಲಿ ದಿನಾಂಕ ಹಾಕಿ, ಅದಕ್ಕಿಂತ ಹಿಂದಿನ ಒಂದೆರಡು ಗಂಟೆ ಏನಾಯಿತು ಅಂತ ಬರೆಯಿರಿ: ಹಸಿವಿತ್ತಾ, ಜಗಳವಾಗಿತ್ತಾ, ಒಬ್ಬರೇ ಇದ್ದಿರಾ. ಮುಂದಿನ ಸಲ ಮುಚ್ಚಬೇಕಾದ ದಾರಿ ಅಲ್ಲೇ ಸಿಗುತ್ತದೆ. ಆಮೇಲೆ ಗಲಾತ್ಯ ಪತ್ರಿಕೆಯ 4ನೇ ಅಧ್ಯಾಯ ತೆಗೆದು ಮೊದಲ 7 ವಚನಗಳನ್ನು ಓದಿ, ಎಂದಿನ ಹೊತ್ತಿಗೆ ಮಲಗಿ.